ಕಾಫಿ ತೋಟದ ವಸಂತ: ಹೂವು, ಹೆಜ್ಜೇನು ಮತ್ತು ಅತಿಥಿಗಳು

ಫೆಬ್ರವರಿ ಕಳೆಯುತ್ತ ಬಂದಂತೆ ಕೊಡಗಿನ ಕಾಫಿ ಬೆಳೆಗಾರರ ಕಣ್ಣು ಮುಗಿಲ ಮೇಲಿರುತ್ತದೆ. ಕಣದಲ್ಲಿ ರೋಬಸ್ಟಾ ಹಣ್ಣು ಇನ್ನೂ ಒಣಗುತ್ತಿರುತ್ತದೆ. ಗಿಡದ ಗೆಣ್ಣುಗಳಲ್ಲಿ ಮುಂದಿನ ವರ್ಷದ ಮೊಗ್ಗು ಆಗಲೇ ಕಾದು ಕುಳಿತಿರುತ್ತದೆ. ಕಣಕ್ಕೆ ಮಳೆ ಬೇಡ, ಗಿಡಕ್ಕೆ ಮಳೆ ಬೇಕು. 2021ರ ಜನವರಿಯಲ್ಲಿ ಅಕಾಲದ ಮಳೆ ಸುರಿದು ಗಿಡದ ಮೇಲಿದ್ದ ಹಣ್ಣು ಉದುರಿದ್ದನ್ನು, ಕಣದಲ್ಲಿದ್ದುದು ಕೆಟ್ಟದ್ದನ್ನು ಅನುಭವಿಸಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಕಳೆದ ಮಾರ್ಚ್ ಮೊದಲ ವಾರದಲ್ಲಿ ಸಿದ್ದಾಪುರದ ಕಡೆಯ ಒಂದು ತೋಟಕ್ಕೆ ನಾನು ಹೋದದ್ದು ಹೂವನ್ನು ನೋಡುವುದಕ್ಕಲ್ಲ. ತೋಟದ ಯಜಮಾನಿತಿಯವರು ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದ್ದರು: "ಸಾರ್, ಹೆಜ್ಜೇನು ಓಡಿಸುವುದಕ್ಕೆ ಏನು ಸಿಂಪಡಿಸಬೇಕು?" ನಾನು ಬೇಸಾಯಶಾಸ್ತ್ರದವನು, ಕೀಟಶಾಸ್ತ್ರದವನಲ್ಲ. ಆದರೂ ರೋಬಸ್ಟಾ ಹೂವರಳುವ ವಾರದಲ್ಲಿ ಜೇನಿಗೆ ವಿಷ ಹೊಡೆಯುತ್ತೇನೆನ್ನುವ ಮಾತನ್ನು ಕೇಳಿ ಸುಮ್ಮನಿರಲಾಗಲಿಲ್ಲ. "ಏನನ್ನೂ ಸಿಂಪಡಿಸಬೇಡಿ ಅಕ್ಕ, ನಾನೇ ಬರುತ್ತೇನೆ" ಎಂದೆ.

ಸುಮಾರು 60 ಎಕರೆಯ ತೋಟ. ಹೆಚ್ಚಿನದು ರೋಬಸ್ಟಾ, ಮೇಲಿನ ದಿಬ್ಬದಲ್ಲಿ ಸ್ವಲ್ಪ ಅರೇಬಿಕಾ, ಮರಗಳಿಗೆ ಹಬ್ಬಿಸಿದ ಕರಿಮೆಣಸು, ತಗ್ಗಿನಲ್ಲಿ ಗದ್ದೆ, ಅದರ ಅಂಚಿಗೆ ಒಂದು ಕೆರೆ. ಪತಿ ತೀರಿಕೊಂಡ ಮೇಲೆ ಅಕ್ಕನವರೇ ರೈಟರ್ ಮತ್ತು ಮೇಸ್ತ್ರಿಯ ನೆರವಿನಿಂದ ತೋಟ ನಡೆಸುತ್ತಿದ್ದಾರೆ. ರೋಬಸ್ಟಾ ಬೆಲೆ ನೆಲ ಕಚ್ಚಿದ್ದ ವರ್ಷಗಳಲ್ಲಿ ಹಳೆಯ ಮನೆಯ ಎರಡು ಕೋಣೆಗಳನ್ನು ಹೋಂ ಸ್ಟೇ ಮಾಡಿ ಪ್ರವಾಸಿಗರಿಗೆ ತೆರೆದರು. ಆ ವರುಷ ಆಳಿನ ಸಂಬಳ ಹೊರಟದ್ದು ಆ ಕೋಣೆಗಳಿಂದಲೇ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. 2024ರಲ್ಲಿ ಕಾಫಿ ಬೆಲೆ ಏರಿದ ಮೇಲೂ ಕೋಣೆ ಮುಚ್ಚಲಿಲ್ಲ. ಏರಿದ್ದು ಇಳಿಯುತ್ತದೆಂಬುದು ಕಾಫಿಯವರಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

ಪ್ರವಾಸಿಗರು ಅತಿ ಹೆಚ್ಚಾಗಿ ಬರುವುದು ಹೂವಿನ ಕಾಲದಲ್ಲಿ. ಜಗಳ ಹುಟ್ಟಿದ್ದೂ ಅಲ್ಲಿಯೇ.

ಹೂಮಳೆ

ಕಾಫಿಯ ಮೊಗ್ಗು ವಿಚಿತ್ರ ಸ್ವಭಾವದ್ದು. ಮಳೆಗಾಲ ಮುಗಿದ ಮೇಲೆ ಗೆಣ್ಣಿನಲ್ಲಿ ಮೂಡಿ, ಸ್ವಲ್ಪ ಬೆಳೆದು, ಆಮೇಲೆ ನಿದ್ದೆ ಹೋಗುತ್ತದೆ. ಚಳಿಗಾಲದ ಒಣಹವೆಯಲ್ಲಿ ಗಿಡ ಕೆಲವು ವಾರ ನೀರಿನ ಕೊರತೆಯನ್ನು ಅನುಭವಿಸಬೇಕು. ಆ ಕೊರತೆಯೇ ಮೊಗ್ಗನ್ನು ಹದಗೊಳಿಸುತ್ತದೆ. ಅನಂತರ ಒಂದು ಒಳ್ಳೆಯ ಮಳೆ, 25ರಿಂದ 40 ಮಿಲಿಮೀಟರ್, ಅಂದರೆ ಒಂದರಿಂದ ಒಂದೂವರೆ ಇಂಚಿನಷ್ಟು ಬಿದ್ದರೆ ಮೊಗ್ಗು ಎಚ್ಚರಗೊಂಡು ದಿನದಿಂದ ದಿನಕ್ಕೆ ಉದ್ದವಾಗಿ, ಸುಮಾರು ಏಳೆಂಟನೆಯ ದಿನ ಬೆಳಗಿನ ಜಾವ ಅರಳುತ್ತದೆ. ಇಡೀ ತೋಟ ಒಂದೇ ದಿನ! ಮಳೆ ಸಾಲದಾದರೆ ಮೊಗ್ಗು ಅರೆಬರೆ ಬಿರಿದು ನಕ್ಷತ್ರದಂತೆ ಮುರುಟಿ ನಿಲ್ಲುತ್ತದೆ. ಅದು ಕಾಯಿ ಕಟ್ಟುವುದಿಲ್ಲ. ಹೂವಾದ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ, ನಾವು ಬ್ಯಾಕಿಂಗ್ ಎನ್ನುವುದು, ಬರಬೇಕು. ಮಳೆಯನ್ನು ನಂಬದವರು ಕೆರೆಯ ನೀರನ್ನು ತುಂತುರು ಕೊಳವೆಗಳಿಂದ ಹಾರಿಸಿ ಎರಡನ್ನೂ ತಾವೇ ಕೊಡುತ್ತಾರೆ.

ಅಕ್ಕನವರ ತೋಟಕ್ಕೆ ಫೆಬ್ರವರಿ ಕೊನೆಯಲ್ಲಿ ಒಂದು ಇಂಚು ಹತ್ತು ಸೆಂಟು ಮಳೆ ಬಿದ್ದಿತ್ತು. ನಾನು ಹೋದ ದಿನ ಸಂಜೆ ಮೊಗ್ಗುಗಳು ಬೆಳ್ಳಗೆ ಉದ್ದವಾಗಿ, ಬತ್ತಿ ಹೊಸೆದಿಟ್ಟಂತೆ ನಿಂತಿದ್ದವು. ಮರುದಿನ ಬೆಳಗ್ಗೆ ಕಿಟಕಿ ತೆರೆಯುವ ಮೊದಲೇ ವಾಸನೆ ಒಳಗೆ ಬಂದಿತ್ತು. ಮಲ್ಲಿಗೆಯ ವಾಸನೆಗೆ ಹತ್ತಿರ, ಆದರೆ ಇನ್ನೂ ಭಾರ. ಹೊರಗೆ ಗಿಡದ ಗಿಡವೇ ಬಿಳಿ. ಇಪ್ಪತ್ತು ವರ್ಷದಿಂದ ಈ ಬೆಳೆಯ ಜೊತೆ ಇದ್ದರೂ ಆ ದಿನ ಬೆಳಗ್ಗೆ ನನಗೆ ಕಾಫಿ ಕುಡಿಯುವುದೇ ಮರೆತಿತ್ತು.

ಅತಿಥಿಗಳು ಆ ಹೂವಿನ ನಡುವೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಅವರಿಗೆ ಕೇಳದ ಒಂದು ಶಬ್ದ ರೈಟರಿಗೂ ನನಗೂ ಕೇಳುತ್ತಿತ್ತು. ದೂರದಲ್ಲಿ ಯಂತ್ರವೊಂದು ಓಡುತ್ತಿರುವಂಥ ಗುಂಯ್ ಶಬ್ದ. ಅದು ಜೇನು.

ರೋಬಸ್ಟಾಕ್ಕೆ ಪರಾಗ ಬೇರೆಡೆಯಿಂದಲೇ ಬರಬೇಕು

ಅರೇಬಿಕಾ ಮತ್ತು ರೋಬಸ್ಟಾ ಹೊರನೋಟಕ್ಕೆ ಒಂದೇ ಮನೆಯವು. ಆದರೆ ಸಂತಾನದ ವಿಷಯದಲ್ಲಿ ಬೇರೆ ಬೇರೆ. ಅರೇಬಿಕಾ ಹೂವು ತನ್ನ ಪರಾಗದಿಂದ ತಾನೇ ಫಲ ಕಟ್ಟಬಲ್ಲದು. ರೋಬಸ್ಟಾ ಹಾಗಲ್ಲ. ಒಂದು ಗಿಡದ ಪರಾಗ ಅದೇ ಗಿಡದ ಹೂವಿನ ಮೇಲೆ ಬಿದ್ದರೆ ಕಾಯಿ ಕಟ್ಟುವುದಿಲ್ಲ. ಬೇರೊಂದು ಗಿಡದಿಂದ, ಅದೂ ಹೊಂದಿಕೆಯಾಗುವ ಗಿಡದಿಂದ ಪರಾಗ ಬರಬೇಕು. ನಮ್ಮ ಹಳ್ಳಿಗಳಲ್ಲಿ ಒಂದೇ ಬಳಿಯೊಳಗೆ ಹೆಣ್ಣು ಕೊಟ್ಟು ತರುವುದಿಲ್ಲವಲ್ಲ, ಹಾಗೆ. ಗಾಳಿ ಈ ಕೆಲಸವನ್ನು ಒಂದಿಷ್ಟು ಮಾಡುತ್ತದೆ. ಉಳಿದದ್ದನ್ನು ಜೇನು ಮಾಡಬೇಕು. ಹೂವಿನ ಆಯುಸ್ಸು ಎರಡು ಮೂರು ದಿನ. ಅದರಲ್ಲೂ ಮೊದಲ ದಿನದ ಬೆಳಗ್ಗೆಯೇ ಮುಖ್ಯ. ಅಂದು ಮಳೆ ಬಂದರೂ ನಷ್ಟ, ಜೇನು ಬಾರದಿದ್ದರೂ ನಷ್ಟ.

ನಮ್ಮ ತೋಟಗಳಿಗೆ ಬರುವ ಜೇನುಗಳಲ್ಲಿ ತುಡುವೆ, ಕೋಲುಜೇನು, ಚುಚ್ಚದ ಮುಜಂಟಿ, ಹೆಜ್ಜೇನು ಈ ನಾಲ್ಕು ಎಲ್ಲರಿಗೂ ಪರಿಚಿತ. ಒಂದು ಕಾಲಕ್ಕೆ ಕೊಡಗಿನ ಮನೆಮನೆಯ ಹಿತ್ತಿಲಲ್ಲಿ ತುಡುವೆ ಪೆಟ್ಟಿಗೆಗಳಿದ್ದವು. ವಿರಾಜಪೇಟೆಯ ಜೇನು ಸಹಕಾರ ಸಂಘದ ಹೆಸರು ನಾಡಿನಾಚೆಗೂ ಗೊತ್ತಿತ್ತು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗ ದಕ್ಷಿಣ ಭಾರತಕ್ಕೆ ಹಬ್ಬಿತು. ಈ ರೋಗ ತಗುಲಿದ ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಸಾಯುತ್ತವೆ. ತುಡುವೆ ಕುಟುಂಬಗಳ ಬಹುಪಾಲು ಆಗ ನಾಶವಾದವು. ಖಾಲಿ ಪೆಟ್ಟಿಗೆಗಳನ್ನು ಸೌದೆ ಮಾಡಿದವರನ್ನು ನಾನು ಬಲ್ಲೆ. ತುಡುವೆ ಮೆಲ್ಲಮೆಲ್ಲನೆ ಚೇತರಿಸಿಕೊಂಡಿದೆ, ಆದರೆ ಪೆಟ್ಟಿಗೆ ಸಾಕುವ ಹವ್ಯಾಸ ಹಿಂದಿನಷ್ಟು ಮರಳಲಿಲ್ಲ. ಹೀಗಾಗಿ ಇಂದು ರೋಬಸ್ಟಾ ಹೂವಿನ ಮೇಲೆ ಹೆಚ್ಚಾಗಿ ಕಾಣುವುದು ಹೆಜ್ಜೇನು.

ಹೆಜ್ಜೇನನ್ನು ಸಾಕಲಾಗುವುದಿಲ್ಲ. ಅದು ಅಲೆಮಾರಿ. ಹೂವಿನ ಕಾಲಕ್ಕೆ ಮಲೆನಾಡಿಗೆ ಬಂದು, ಎತ್ತರದ ಮರದ ದಪ್ಪ ಕೊಂಬೆಯ ಅಡಿಯಲ್ಲಿ ಒಂದೇ ಹುಟ್ಟು ಕಟ್ಟಿ, ಮಳೆಗಾಲ ಹಿಡಿಯುವ ಮುನ್ನ ಬಯಲುಸೀಮೆಯ ಕಡೆ ಹೊರಟುಹೋಗುತ್ತದೆ. ಮರು ವರ್ಷ ಅದೇ ಮರಕ್ಕೆ ಬರುವುದು ಅದರ ರೂಢಿ. ಅಂಥ ಮರಗಳನ್ನು ಜೇನುಮರವೆಂದೇ ಕರೆಯುತ್ತಾರೆ.

ಮನೆಯೆದುರಿನ ಬೂರುಗದ ಮರ

ಅಕ್ಕನವರ ಮನೆಯೆದುರಿಗೆ, ಹುಲ್ಲಿನ ಅಂಗಳದಾಚೆ ನೂರು ಗಜ ದೂರದಲ್ಲಿ ಅಂಥದೊಂದು ಬೂರುಗದ ಮರವಿದೆ. ಹಿಂದಿನ ವರ್ಷ ಅದರಲ್ಲಿ ಹದಿನಾಲ್ಕು ಹುಟ್ಟುಗಳಿದ್ದವಂತೆ. ರಾತ್ರಿಯ ಹೊತ್ತು ಜಗಲಿಯಲ್ಲಿ ಕುಳಿತ ಅತಿಥಿಗಳ ಮೇಲೆ ಜೇನುಹುಳುಗಳು ಬಂದು ಬೀಳುತ್ತಿದ್ದವು. ಒಬ್ಬರ ಮಗುವಿನ ಕೈಗೆ ಕಚ್ಚಿತು. ಅವರು ಅರ್ಧರಾತ್ರಿಯಲ್ಲೇ ಕಾರು ಹತ್ತಿ ಹೋದರು. ಮರುವಾರ ಅಕ್ಕನವರು ಹಣ ಕೊಟ್ಟು ಒಬ್ಬನಿಂದ ಪಂಜು ಹಿಡಿಸಿದರು. ಮೂರು ಹುಟ್ಟು ಸುಟ್ಟವು, ಉಳಿದವು ಎದ್ದು ಹೋದವು. "ಬೆಳಗ್ಗೆ ಮರದ ಬುಡದಲ್ಲಿ ಸತ್ತ ಹುಳ ಪಾದ ಮುಚ್ಚುವಷ್ಟು ಬಿದ್ದಿತ್ತು ಸಾರ್. ಆಮೇಲೆ ನನಗೇ ನಿದ್ದೆ ಬರಲಿಲ್ಲ" ಎಂದರು. ಮಾರ್ಚಿಯಲ್ಲಿ ತೋಟದ ನೆಲ ತರಗೆಲೆಯ ಹಾಸಿಗೆ. ಒಂದು ಕಿಡಿ ಬಿದ್ದಿದ್ದರೆ ಕಾಫಿಯೂ ಹೋಗುತ್ತಿತ್ತು, ಮನೆಯೂ ಹೋಗುತ್ತಿತ್ತು ಎಂದು ನಾನು ಹೇಳದೆ ಬಿಡಲಿಲ್ಲ.

ಆ ವರ್ಷ ಮನೆಯ ಸುತ್ತಣ ಗಿಡಗಳಲ್ಲಿ ಕಾಯಿ ಕಟ್ಟಿದ್ದು ಕಡಿಮೆ ಎಂದು ರೈಟರ್ ತಮ್ಮ ಪುಸ್ತಕ ತೆರೆದು ತೋರಿಸಿದರು. ಅದಕ್ಕೆ ಜೇನು ಹೋದದ್ದೇ ಕಾರಣವೆಂದು ನಾನು ಪ್ರಮಾಣ ಮಾಡಲಾರೆ. ಹೆಜ್ಜೇನು ಮೈಲಿಗಟ್ಟಲೆ ಹಾರುವ ಹುಳು, ಪಕ್ಕದ ತೋಟದ್ದೂ ಬರುತ್ತದೆ. ಆ ವರ್ಷ ಬ್ಯಾಕಿಂಗ್ ಮಳೆಯೂ ತಡವಾಗಿತ್ತು. ಆದರೆ ಹೂವಿನ ವಾರದಲ್ಲಿ ಹದಿನಾಲ್ಕು ಹುಟ್ಟಿನ ಹುಳುಗಳನ್ನು ಓಡಿಸಿ ಲಾಭವಾಯಿತೆಂದು ಯಾರೂ ಹೇಳಲಾರರು.

ಈ ವರ್ಷ ಒಂಬತ್ತು ಹುಟ್ಟುಗಳು ಮರಳಿ ಬಂದಿದ್ದವು. ಅತಿಥಿಗಳೂ ಬಂದಿದ್ದರು. ಅಕ್ಕನವರ ಪ್ರಶ್ನೆ ಹುಟ್ಟಿದ್ದು ಹೀಗೆ.

ಮೊದಲ ರಾತ್ರಿ ನಾನು ಜಗಲಿಯಲ್ಲಿ ಸುಮ್ಮನೆ ಕುಳಿತು ನೋಡಿದೆ. ಅಂಗಳದ ಅಂದಕ್ಕೆಂದು ಮನೆಯ ಮುಂಗೋಡೆಯ ಮೇಲೆ ಎರಡು ದೊಡ್ಡ ಬಿಳಿ ದೀಪಗಳನ್ನು ಹಾಕಿಸಿದ್ದರು. ಅವುಗಳ ಮುಖ ನೇರವಾಗಿ ಬೂರುಗದ ಮರಕ್ಕೆ! ಹೆಜ್ಜೇನಿಗೆ ಇತರ ಜೇನುಗಳಿಗಿಲ್ಲದ ಒಂದು ಗುಣವಿದೆ: ಬೆಳದಿಂಗಳಿನಲ್ಲಿಯೂ ಅದು ಮೇವಿಗೆ ಹೊರಡುತ್ತದೆ. ತಿಂಗಳ ಬೆಳಕಿಗೆ ಹೊಂದಿಕೊಂಡ ಕಣ್ಣಿಗೆ ಇಂಥ ದೀಪ ಕಂಡರೆ ದಾರಿ ತಪ್ಪಿ ಅತ್ತ ಬಂದು, ಸುತ್ತಿ ಸುತ್ತಿ ಬಳಲಿ ಕೆಳಗೆ ಬೀಳುತ್ತದೆ. ಬಿದ್ದ ಹುಳುವನ್ನು ಬರಿಗಾಲಿನಲ್ಲಿ ಮೆಟ್ಟಿದರೆ ಚುಚ್ಚದೆ ಇನ್ನೇನು ಮಾಡೀತು? ಹುಳುಗಳು ಅತಿಥಿಗಳ ಮೇಲೆ ದಾಳಿ ಮಾಡುತ್ತಿರಲಿಲ್ಲ. ದೀಪ ಅವುಗಳನ್ನು ಕರೆಯುತ್ತಿತ್ತು, ಅತಿಥಿಗಳು ದೀಪದ ಕೆಳಗೆ ಕುಳಿತಿದ್ದರು. ಬೆಳಗ್ಗೆ ಕಸ ಗುಡಿಸುವವಳು ಒಂದು ಮೊರದಷ್ಟು ಹುಳು ಬಳಿದಳು.

ಎರಡನೆಯ ರಾತ್ರಿ ಆ ದೀಪಗಳನ್ನು ಆರಿಸಿ, ಹಿಂಬದಿಯ ಮೆಟ್ಟಿಲ ಬಳಿ ಮಾತ್ರ ಹಳದಿ ಬಣ್ಣದ ಸಣ್ಣ ದೀಪವೊಂದನ್ನು, ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಮೇಲೆ ತಗಡು ಮುಚ್ಚಿ ಇಟ್ಟೆವು. ಮರದ ಕಡೆಯ ಕಿಟಕಿಗಳಿಗೆ ದಪ್ಪ ಪರದೆ ಎಳೆದೆವು. ಒಂದು ರಾತ್ರಿಯ ಲೆಕ್ಕದಿಂದ ತೀರ್ಮಾನಕ್ಕೆ ಬರಬಾರದೆಂದು ಮೂರು ರಾತ್ರಿ ಹೀಗೆಯೇ ನೋಡಿದೆವು. ಬಿದ್ದ ಹುಳುಗಳು ಬೆರಳೆಣಿಕೆಯಷ್ಟು. ಅತಿಥಿಗಳು ಮೊದಲು ಕತ್ತಲೆಗೆ ಗೊಣಗಿದರು. ಆಮೇಲೆ ಕಾಫಿ ಹೂವು ಬೆಳದಿಂಗಳಿನಲ್ಲಿ ಹೇಗಿರುತ್ತದೆಂಬುದನ್ನು ಕಂಡು, ದೀಪ ಹಾಕಬೇಡಿರೆಂದು ಅವರೇ ಹೇಳಿದರು.

ಮರದಡಿಯಲ್ಲಿ ಬೆಂಕಿ ಹಾಕಬಾರದು, ಕಲ್ಲೆಸೆಯಬಾರದು, ಗದ್ದಲ ಮಾಡಬಾರದು. ಸುಗಂಧ ಪೂಸಿಕೊಂಡು ಹತ್ತಿರ ಹೋಗಬಾರದು. ಜೇನುಗಿಡುಗ ಬಂದು ಹುಟ್ಟಿಗೆ ಎರಗಿದಾಗ ಹುಳುಗಳು ಏಳುವುದುಂಟು. ಆಗ ಕೈ ಬೀಸದೆ ಮನೆಯೊಳಗೆ ಓಡಬೇಕು, ಮನೆ ದೂರವಿದ್ದರೆ ಕಂಬಳಿಯನ್ನೋ ದಪ್ಪ ಬಟ್ಟೆಯನ್ನೋ ತಲೆ ಮುಖಕ್ಕೆ ಮುಚ್ಚಿಕೊಳ್ಳಬೇಕು. ಚರ್ಮದಲ್ಲಿ ಉಳಿದ ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಬೇಕು. ಹತ್ತಾರು ಕಡೆ ಚುಚ್ಚಿದ್ದರೆ ಅಥವಾ ಉಸಿರು ಕಟ್ಟಿದಂತಾದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಬೇಕು. ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಅತಿಥಿಗಳ ಕೋಣೆಯಲ್ಲಿ ತೂಗುಹಾಕುವಂತೆ ಅಕ್ಕನವರಿಗೆ ಹೇಳಿದೆ. ಸಿಂಪರಣೆಯ ವಿಷಯದಲ್ಲಿ ಒಂದೇ ಮಾತು: ಮೊಗ್ಗು ಬಿರಿಯುವ ಮುನ್ನಾದಿನದಿಂದ ಹೂವು ಕಂದಾಗುವವರೆಗೆ ತೋಟದಲ್ಲಿ ಯಾವ ಕೀಟನಾಶಕದ ಡಬ್ಬಿಯನ್ನೂ ತೆರೆಯಬಾರದು.

ಮೂರು ದಿನದ ಹೂವು, ಉಳಿದ ದಿನಗಳ ಮೇವು

ಕಾಫಿ ಹೂವು ಮೂರು ದಿನಕ್ಕೆ ಮುಗಿಯುತ್ತದೆ. ಜೇನಿಗೆ ಹೊಟ್ಟೆ ಮುನ್ನೂರರವತ್ತೈದು ದಿನವೂ ಇರುತ್ತದೆ. ಜನವರಿ-ಫೆಬ್ರವರಿಯಲ್ಲಿ ಎಲೆಯುದುರಿದ ಹಾಲುವಾಣ ಮತ್ತು ಬೂರುಗ ಕೆಂಪು ಹೂ ತಳೆದು ನಿಲ್ಲುತ್ತವೆ. ಬೆಳಗ್ಗೆ ಆ ಮರಗಳ ಕೆಳಗೆ ನಿಂತರೆ ಸೂರಕ್ಕಿ, ಮೈನಾ, ಕಾಜಾಣಗಳ ಸಂತೆಯೇ ನೆರೆದಿರುತ್ತದೆ. ಆಮೇಲೆ ನೇರಳೆ, ಹೊಂಗೆ, ಕಕ್ಕೆ ಒಂದರ ಹಿಂದೆ ಒಂದು. ಈ ಸರಪಣಿ ತುಂಡಾಗದಿದ್ದರೆ ಜೇನು ತೋಟದ ಸುತ್ತಮುತ್ತ ಉಳಿಯುತ್ತದೆ. ಕಾಫಿಯ ಒಂದು ಬೆಳಗ್ಗೆಗೆ ಅದು ಕೈಗೆ ಸಿಗಬೇಕಾದರೆ ಅದರ ಹಿಂದಣ ಮುಂದಣ ತಿಂಗಳುಗಳ ಊಟವೂ ಇರಬೇಕಲ್ಲವೇ?

ನೆರಳಿಗಾಗಿ ಸಿಲ್ವರ್ ಓಕ್ ಒಂದನ್ನೇ ನೆಡುವವರ ಮೇಲೆ ನನಗೆ ಕೋಪವಿಲ್ಲ. ಆಸ್ಟ್ರೇಲಿಯಾದಿಂದ ಬಂದ ಆ ಮರ ನೆಟ್ಟಗೆ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಒಗ್ಗುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ವಿನಾಯಿತಿ ಇರುವುದರಿಂದ ಕಡಿಯಲು ಅನುಮತಿಗಾಗಿ ಕಚೇರಿ ಅಲೆಯಬೇಕಾಗಿಲ್ಲ. ಅದರ ಹೂವಿನಲ್ಲಿಯೂ ಮಕರಂದವಿದೆ. ಆದರೆ ಅತ್ತಿ, ಬಸರಿಗಳಂತೆ ಅದು ಹಣ್ಣು ಬಿಡುವುದಿಲ್ಲ, ತಾರೆಯ ಮುದಿಮರದಂತೆ ಹಕ್ಕಿಗೆ ಪೊಟರೆ ಕೊಡುವುದಿಲ್ಲ.

ಪೊಟರೆಯ ಮಾತು ಬಂದಾಗ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಸೇವೆಗೆ ಸೇರಿದ ಹೊಸದರಲ್ಲಿ ಒಂದು ತೋಟದಲ್ಲಿ ನೆರಳು ಹೆಚ್ಚಾಗಿ ಇಳುವರಿ ಕುಸಿದಿತ್ತು. ಗುರುತು ಹಾಕಿಕೊಟ್ಟ ಮರಗಳಲ್ಲಿ ಟೊಳ್ಳಾದ ಒಂದು ತಾರೆಯ ಮರವೂ ಇತ್ತು. ಅನುಮತಿ ಸಿಕ್ಕಿತು, ಮಾರ್ಚಿಯಲ್ಲಿ ಕಡಿದರು. ಮರ ಉರುಳಿದಾಗ ಪೊಟರೆಯ ಬಾಯಿಗೆ ಮೆತ್ತಿದ್ದ ಗೋಡೆ ಒಡೆದು ಒಳಗಿನಿಂದ ಬೂದು ಮಂಗಟ್ಟೆ ಹಕ್ಕಿಯ ಹೆಣ್ಣು, ಎರಡು ಮರಿಗಳ ಜೊತೆ ಸತ್ತು ಬಿತ್ತು. ಮಂಗಟ್ಟೆಯ ಹೆಣ್ಣು ಮೊಟ್ಟೆಯಿಡುವ ಮೊದಲು ಪೊಟರೆಯೊಳಗೆ ಸೇರಿ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಒಂದು ಸೀಳು ಮಾತ್ರ ಉಳಿದಿರುತ್ತದೆ. ಗಂಡು ವಾರಗಟ್ಟಲೆ ಹಣ್ಣು ತಂದು ಆ ಸೀಳಿನೊಳಗೆ ಕೊಡುತ್ತದೆ. ಅಂದು ಸಂಜೆ ಆ ಗಂಡು ಬಾಯಿಯಲ್ಲಿ ಅತ್ತಿಹಣ್ಣು ಹಿಡಿದು ಮರವಿಲ್ಲದ ಜಾಗದ ಮೇಲೆ ಹಾರಾಡಿದ್ದನ್ನು ಕಂಡೆ. ನನ್ನ ವರದಿಯಲ್ಲಿ ಬರೆದದ್ದು "ಅನುಪಯುಕ್ತ ಮರ" ಎಂದು. ಈಗ ಜನವರಿಯಿಂದ ಮೇ ಕಳೆಯುವವರೆಗೆ ಟೊಳ್ಳುಮರಕ್ಕೆ ಕೊಡಲಿ ಹಾಕಬೇಡಿರೆಂದು ಹೇಳುತ್ತೇನೆ. ನೆರಳು ಹೆಚ್ಚಾಗಿದ್ದರೆ ಮರಗಸಿ ಮಾಡಿಸಿ ಕೊಂಬೆ ಇಳಿಸಬಹುದು, ಮರವನ್ನೇ ಇಳಿಸಬೇಕಾಗಿಲ್ಲ.

ಆನೆ ನೋಡಬೇಕೆನ್ನುವವರು

ಅತಿಥಿಗಳು ಕೆಂದಳಿಲನ್ನು ಕಂಡು ಹಿಗ್ಗುತ್ತಾರೆ, ಕುಟ್ರುಹಕ್ಕಿಯ ಕೂಗಿಗೆ ಕಿವಿಗೊಡುತ್ತಾರೆ. ಆಮೇಲೆ ಕೇಳುವ ಪ್ರಶ್ನೆ ಒಂದೇ: "ಆನೆ ಬರುತ್ತದೆಯೇ?" ಬರುತ್ತದೆ. ಬೇಸಿಗೆಯಲ್ಲಿ ಕಾಡಿನ ಮೇವು ಒಣಗಿದಾಗ ತೋಟದ ಕೆರೆಗೆ ನೀರಿಗೆಂದು, ಹಲಸು ಹಣ್ಣಾಗತೊಡಗಿದರೆ ಹಲಸಿಗೆಂದು ಬರುತ್ತದೆ. ಕೆಲವು ಆನೆಗಳು ತೋಟದಲ್ಲೇ ಹಗಲು ಕಳೆಯುತ್ತವೆ. ಕೊಡಗಿನಲ್ಲಿ ಬೆಳಗ್ಗೆ ಕೆಲಸಕ್ಕೆ ಹೊರಟ ಕೂಲಿಯವರು ತೋಟದ ದಾರಿಯಲ್ಲಿಯೇ ಆನೆಗೆ ಸಿಕ್ಕಿ ಸತ್ತ ಸುದ್ದಿ ಎಷ್ಟೋ ಸಲ ಬಂದಿದೆ. ಲೈನ್ ಮನೆಯ ಹೆಂಗಸೊಬ್ಬಳು ನನಗೆ ಅಂದಳು: "ನೋಡೋಕೆ ಅಂತ ದುಡ್ಡು ಕೊಟ್ಟು ಬರ್ತಾರೆ ಸಾರ್, ನಾವು ಕಾಣಬಾರದು ಅಂತ ದೇವರಿಗೆ ಹರಕೆ ಹೊರ್ತೀವಿ."

ಈ ತೋಟದಲ್ಲಿ ಸಂಜೆ ಆರರಿಂದ ಬೆಳಗಿನ ಏಳರವರೆಗೆ ಅತಿಥಿಗಳು ಅಂಗಳ ದಾಟುವಂತಿಲ್ಲ. ಬೆಳಗ್ಗೆ ಮೇಸ್ತ್ರಿ ಒಂದು ಸುತ್ತು ನೋಡಿ ಬಂದು ಹೇಳಿದ ಮೇಲೆಯೇ ಆಳುಗಳೂ ಒಳಗೆ ಹೋಗುತ್ತಾರೆ. ಮಾಗಿದ ಹಲಸನ್ನು ಮನೆ ಮತ್ತು ಲೈನಿನ ಹತ್ತಿರದ ಮರಗಳಲ್ಲಿ ಉಳಿಸದೆ ಕಾಯಿಯಾಗಿದ್ದಾಗಲೇ ಇಳಿಸುತ್ತಾರೆ. ದೂರದ ಮರಗಳದ್ದನ್ನು ಮುಟ್ಟುವುದಿಲ್ಲ. ಇದು ಪೂರ್ಣ ಪರಿಹಾರವೆಂದು ಅಕ್ಕನವರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ.

ನಾನು ಹಿಂತಿರುಗಿದ ಹದಿನೆಂಟನೆಯ ದಿನ ಅಕ್ಕನವರಿಂದ ಕರೆ ಬಂತು. ಬ್ಯಾಕಿಂಗ್ ಮಳೆ ಮುಕ್ಕಾಲು ಇಂಚು, ದೀಪ ಆರಿಸಿಯೇ ಇದೆ, ಒಂಬತ್ತು ಹುಟ್ಟೂ ಇವೆ ಎಂದರು. ಜೂನ್ ಮೊದಲ ವಾರದಲ್ಲಿ ಮತ್ತೊಮ್ಮೆ ಕರೆದರು. ಎರಡು ದಿನದ ಹಿಂದೆ ಬೆಳಗ್ಗೆ ನೋಡಿದರೆ ಕೊಂಬೆಯಲ್ಲಿ ಹುಳುವೇ ಇಲ್ಲ, ಬರಿದಾದ ಹುಟ್ಟುಗಳು ಮಾತ್ರ ತೂಗುತ್ತಿದ್ದವಂತೆ. ಅದರ ಮರುದಿನವೇ ಮಳೆ ಹಿಡಿಯಿತಂತೆ. "ಮರಗಸಿಯವರು ಗೊತ್ತಿಲ್ಲದೆ ಹತ್ತಿ ಆ ಕೊಂಬೆ ಇಳಿಸಿಬಿಟ್ಟಾರು ಅಂತ ಬುಡಕ್ಕೆ ಸುಣ್ಣದ ಪಟ್ಟೆ ಬಳಿಸಿದ್ದೇನೆ ಸಾರ್. ಸುಣ್ಣದಿಂದ ಜೇನಿಗೇನೂ ತೊಂದರೆ ಇಲ್ಲವಲ್ಲ?" ಎಂದು ಕೇಳಿದರು.

ತೊಂದರೆಯಿಲ್ಲ ಎಂದೆ.